ಬಾಲಕಿಯರ ಫುಟ್‌ಬಾಲ್ ಮತ್ತು ವಯೋಗುಂಪು

(ಭೋಸರಿಯ ಕನ್ನಡ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ದುಡಿಮೆಗಾಗಿ ಭೋಸರಿಗೆ ಬಂದು ನೆಲೆಸಿರುವ ನಿಮ್ಮ ಮಗಳು ಫುಟ್‌ಬಾಲ್ ತಂಡ ಸೇರಬಯಸಿದರೆ, ಮೊದಲು ಕೇಳಲಾಗುವುದು ಅವಳ ಜನ್ಮದಿನಾಂಕ. 2022ರ ಅಕ್ಟೋಬರ್‌ನಲ್ಲಿ ಹದಿನೇಳು ವರ್ಷದೊಳಗಿನ ಬಾಲಕಿಯರ ವಿಶ್ವಕಪ್ ಭಾರತದಲ್ಲಿ ಜರುಗಿತು. ಅಂತಿಮ ಪಂದ್ಯ ನಡೆದುದು ಇದೇ ರಾಜ್ಯದ ನವಿ ಮುಂಬಯಿಯಲ್ಲಿ. 2005ರ ಜನವರಿ 1ಕ್ಕಿಂತ ಮೊದಲು ಜನಿಸಿದವರಿಗೆ ಅಲ್ಲಿ ಅವಕಾಶವಿರಲಿಲ್ಲ.

ಇಂತಹ ಗಡಿ ಅನಿವಾರ್ಯವೇ ಸರಿ. ಆದರೆ ಒಂದೇ ವರ್ಷದ ಜನವರಿಯಲ್ಲಿ ಹುಟ್ಟಿದವಳು ಡಿಸೆಂಬರ್‌ನಲ್ಲಿ ಹುಟ್ಟಿದವಳಿಗಿಂತ ಸುಮಾರು ಹನ್ನೊಂದು ತಿಂಗಳು ಹಿರಿಯಳು. ಎರಡು ವರ್ಷಗಳನ್ನು ಕೂಡಿಸಿದ ಗುಂಪಿನಲ್ಲಿ ಈ ಅಂತರ ಇಮ್ಮಡಿಯಾಗುತ್ತದೆ. ಮೇಲಾಗಿ, ಪ್ರೌಢಾವಸ್ಥೆಯ ಆರಂಭವು ಒಬ್ಬೊಬ್ಬ ಬಾಲಕಿಗೆ ಒಂದೊಂದು ವಯಸ್ಸಿನಲ್ಲಿ ಆಗುವುದರಿಂದ ಎತ್ತರ, ವೇಗಗಳ ವ್ಯತ್ಯಾಸ ಎದ್ದು ಕಾಣುತ್ತದೆ. ಮೈಕಟ್ಟನ್ನೇ ಪ್ರತಿಭೆಯೆಂದು ಬಗೆದು ಆಯ್ಕೆ ಮಾಡಿದರೆ ಎಳೆಯ ಆಟಗಾರ್ತಿಯರು ಹಿಂದುಳಿಯುವರು. ಆದುದರಿಂದ ಉನ್ನತ ಮಟ್ಟದ ಲೀಗ್‌ಗಳಲ್ಲಿ ಪ್ರತಿ ವರ್ಷದವರಿಗೂ ಪ್ರತ್ಯೇಕ ಗುಂಪಿರುವುದು ಲೇಸು. ಆಟಗಾರ್ತಿಯರ ಸಂಖ್ಯೆ ಕಡಿಮೆಯಿರುವಲ್ಲಿ ಗುಂಪುಗಳನ್ನು ಕೂಡಿಸಬೇಕಾಗಬಹುದು. ಆಗ ಕಿರಿಯರಿಗೂ ಮೈದಾನದಲ್ಲಿ ಸಾಕಷ್ಟು ಸಮಯ ದೊರೆಯಬೇಕು.

ಈ ನ್ಯಾಯಕ್ಕೆಲ್ಲ ಆಧಾರವು ಸತ್ಯವಾದ ಜನನ ಪ್ರಮಾಣಪತ್ರ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ, ಮಗು ಹುಟ್ಟಿದ ಸ್ಥಳದಲ್ಲಿಯೇ ನೋಂದಣಿಯಾಗಬೇಕು. ಹೆರಿಗೆ ತವರಿನಲ್ಲಾದರೆ ಅಲ್ಲಿಯೇ 21 ದಿನಗಳೊಳಗೆ ನೋಂದಾಯಿಸಿರಿ; ಅದಕ್ಕೆ ಶುಲ್ಕವಿಲ್ಲ. ಶಾಲೆಗೆ ಸೇರಿಸುವಾಗ ಅಂದಾಜಿನ ತಾರೀಖು ಬರೆಸಬೇಡಿರಿ. ವಯಸ್ಸನ್ನು ಇಳಿಸಿ ಗಳಿಸಿದ ಸ್ಥಾನವು ನಿಮ್ಮಂತಹ ಇನ್ನೊಬ್ಬ ಪಾಲಕರ ಮಗಳಿಂದ ಕಸಿದುಕೊಂಡದ್ದೆಂಬುದನ್ನು ನಾವಾರೂ ಮರೆಯಲಾಗದು.