ತಲೆಹೊಟ್ಟು: ಕೆರೆದರೆ ಹೋಗದು, ಕ್ರಮವಾಗಿ ತೊಳೆದರೆ ಹತೋಟಿಗೆ ಬರುವುದು

(ಹೊರರೋಗಿ ವಿಭಾಗದಲ್ಲಿ ರೋಗಿಗಳಿಗೂ ಜೊತೆಗೆ ಬಂದವರಿಗೂ ನೀಡಿದ ಆರೋಗ್ಯ ಉಪನ್ಯಾಸ)



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಮೊದಲ ಬಸ್ಸಿಗೇ ಹೊರಟು ಬಂದು, ಚೀಟಿ ಮಾಡಿಸಿ ಕುಳಿತಿದ್ದೀರಿ. ನಿಮ್ಮ ಸರದಿ ಬರುವಷ್ಟರಲ್ಲಿ ತಲೆಹೊಟ್ಟಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. "ಹೊಟ್ಟು ಯಾರಿಗಿಲ್ಲ, ಅದೂ ಒಂದು ಕಾಯಿಲೆಯೇ?" ಎಂದು ನಗಬೇಡಿ. ಈ ಸಣ್ಣ ತೊಂದರೆಗೆ ತಪ್ಪು ಮದ್ದು ಮಾಡಿ ದೊಡ್ಡ ಅಪಾಯ ತಂದುಕೊಳ್ಳುವವರು ಇದ್ದಾರೆ.

ಕೋಟೆ ಕಡೆಯ ತಾಯಿಯೊಬ್ಬರು ಒಂಬತ್ತನೇ ತರಗತಿಯ ಮಗಳನ್ನು ಕರೆತಂದಿದ್ದರು. ಹುಡುಗಿಯ ತಲೆ ತುಂಬ ಬಿಳಿ ಪುಡಿ. ಹಾಸ್ಟೆಲಿನಲ್ಲಿ ಜೊತೆಯವರು ಸೀರು ಎಂದುಕೊಂಡು ತಮ್ಮ ಹಾಸಿಗೆಗಳನ್ನು ದೂರ ಎಳೆದುಕೊಂಡಿದ್ದರಂತೆ. ಹುಡುಗಿ ಮತ್ತೆ ಶಾಲೆಗೆ ಹೋಗೆನೆಂದು ಹಠ ಹಿಡಿದಿದ್ದಳು. ತಾಯಿ ಮೆಲ್ಲಗೆ ಕೇಳಿದರು: "ಸಿಸ್ಟರ್, ಹೊಲಕ್ಕೆ ಹೊಡಿಯೋ ಔಷ್ದಿ ಒಂಚೂರು ನೀರಿಗೆ ಬೆರೆಸಿ ತಲೆಗೆ ಹಚ್ಚಿದ್ರೆ ಎಲ್ಲಾ ಸಾಯ್ತವೆ ಅಂತಾರೆ, ಹಚ್ಚಲಾ?"

ಆ ತಾಯಿ ಹಚ್ಚುವ ಮೊದಲು ಕೇಳಿದರಲ್ಲ, ಅದೇ ಪುಣ್ಯ. ಹೊಲಕ್ಕೆ ಸಿಂಪಡಿಸುವ ಕ್ರಿಮಿನಾಶಕ ತಲೆಯ ಚರ್ಮದ ಮೂಲಕವೂ ರಕ್ತಕ್ಕೆ ಸೇರುತ್ತದೆ. ಕೆರೆದು ಗಾಯವಾಗಿದ್ದರೆ ಇನ್ನೂ ಬೇಗ. ವಾಂತಿ, ಬೆವರು, ಕಣ್ಣು ಮಂಜು, ಉಸಿರಾಟದ ತೊಂದರೆ ಬಂದು ಜೀವಕ್ಕೇ ಎರವಾಗಬಹುದು. ಹೇನಿಗಾಗಲಿ, ಹೊಟ್ಟಿಗಾಗಲಿ, ಕ್ರಿಮಿನಾಶಕವನ್ನೋ ಸೀಮೆಎಣ್ಣೆಯನ್ನೋ ತಲೆಗೆ ಎಂದಿಗೂ ಹಚ್ಚಬೇಡಿ. ಇಂದು ಕೇಳಿದ್ದರಲ್ಲಿ ಇದೊಂದು ನೆನಪಿಟ್ಟುಕೊಂಡು ಹೋದರೂ ಸಾಕು.

ಹುಡುಗಿಯ ತಲೆಯಲ್ಲಿದ್ದದ್ದು ಸೀರಲ್ಲ. ಸೀರು ಕೂದಲಿಗೆ ಅಂಟಿಕೊಂಡಿರುತ್ತದೆ, ಬೆರಳಲ್ಲಿ ಎಳೆದರೂ ಸುಲಭವಾಗಿ ಜಾರದು. ಹೊಟ್ಟು ಊದಿದರೆ, ಕೊಡವಿದರೆ ಉದುರುತ್ತದೆ. ಮನೆಯಲ್ಲೇ ನೀವು ಈ ಪರೀಕ್ಷೆ ಮಾಡಬಹುದು.

ಹೊಟ್ಟು ಏಕೆ ಬರುತ್ತದೆ?

ಬರಿಯ ಬಿಳಿ ಪುಡಿ ಉದುರಿದರೆ ಅದು ಸಾಧಾರಣ ಹೊಟ್ಟು. ಅದೇ ತೊಂದರೆ ಹೆಚ್ಚಾಗಿ, ನೆತ್ತಿ ಕೆಂಪಾಗಿ, ಹಳದಿ ಬಣ್ಣದ ಜಿಡ್ಡು ಹಕ್ಕಳೆ ಕಟ್ಟಿ ನವೆಯಾದರೆ ವೈದ್ಯರು ಸೆಬೊರಿಕ್ ಡರ್ಮಟೈಟಿಸ್ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂದೆ, ಗಂಡಸರಿಗೆ ಗಡ್ಡ ಮತ್ತು ಎದೆಯ ಮೇಲೂ ಇದು ಬರುತ್ತದೆ. ಚರ್ಮದಲ್ಲಿ ಜಿಡ್ಡು ಹೆಚ್ಚಾಗಿ ಒಸರುವ ಜಾಗಗಳು ಇವೇ.

ನಮ್ಮೆಲ್ಲರ ಚರ್ಮದ ಮೇಲೂ ಕಣ್ಣಿಗೆ ಕಾಣದ ಒಂದು ಜಾತಿಯ ಶಿಲೀಂಧ್ರ ವಾಸವಾಗಿರುತ್ತದೆ. ಫ್ರಾನ್ಸಿನ ಲೂಯಿ ಶಾರ್ಲ್ ಮಲಸ್ಸೆ ಎಂಬ ವಿಜ್ಞಾನಿ 1874ರಲ್ಲಿ ಇದನ್ನು ಹೊಟ್ಟಿನಲ್ಲಿ ಗುರುತಿಸಿದರು. ಅವರ ಹೆಸರಿನಿಂದಲೇ ಇದಕ್ಕೆ ಮಲಸೀಜಿಯಾ ಎನ್ನುತ್ತಾರೆ. ಇದು ನಮ್ಮ ಚರ್ಮದ ಜಿಡ್ಡನ್ನು ತಿಂದು ಬದುಕುತ್ತದೆ. ತಿಂದು ಉಳಿಸಿದ ಅಂಶ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಆಗ ಚರ್ಮ ಕೆರಳಿ, ಮೇಲಿನ ಪದರ ಬೇಗಬೇಗ ಕಳಚಿ ಉದುರುತ್ತದೆ.

ಆದ್ದರಿಂದ ಇದು ಕೊಳಕಿನಿಂದ ಬಂದದ್ದಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಹೊಟ್ಟಿರುವ ಮಗುವಿನ ಹಾಸಿಗೆಯನ್ನು ದೂರ ಎಳೆಯಬೇಕಾಗಿಲ್ಲ.

ಎಣ್ಣೆಯ ವಿಷಯ

ನಮ್ಮ ಕಡೆ ಹೊಟ್ಟು ಕಂಡ ಕೂಡಲೆ "ನೆತ್ತಿ ಒಣಗಿದೆ" ಎಂದು ಕೊಬ್ಬರಿ ಎಣ್ಣೆಯನ್ನೋ ಹರಳೆಣ್ಣೆಯನ್ನೋ ತಟ್ಟುತ್ತೇವೆ. ನಾನೂ ಹಾಗೆಯೇ ಮಾಡಿದವಳು. ನರ್ಸಿಂಗ್ ಡಿಪ್ಲೊಮಾ ಓದುವಾಗ ರಾತ್ರಿ ಪಾಳಿ ಮುಗಿಸಿ ಬಂದು, ತಲೆ ತುಂಬ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು ಮಲಗುತ್ತಿದ್ದೆ. ಭಾನುವಾರ ಸೀರಣಿಗೆಯಲ್ಲಿ ಕೆರೆದು ಹಕ್ಕಳೆ ತೆಗೆಯುತ್ತಿದ್ದೆ. ಬುಧವಾರದ ಹೊತ್ತಿಗೆ ಮೊದಲಿಗಿಂತ ಹೆಚ್ಚು ಇರುತ್ತಿತ್ತು. ಎಣ್ಣೆ ಹಾಕಿದಾಗ ಪುಡಿ ಅಂಟಿಕೊಂಡು ಕಾಣದಂತಾಗುತ್ತದೆ ಅಷ್ಟೆ, ಗುಣವಾಗುವುದಿಲ್ಲ. ಜಿಡ್ಡು ತಿನ್ನುವ ಶಿಲೀಂಧ್ರಕ್ಕೆ ನಾವೇ ಊಟ ಬಡಿಸಿದಂತೆ.

ಹಾಗೆಂದು ಎಣ್ಣೆಯನ್ನೇ ಬಿಡಿ ಎನ್ನುತ್ತಿಲ್ಲ. ಯುಗಾದಿ, ದೀಪಾವಳಿಯ ಎಣ್ಣೆ ಸ್ನಾನ ಮಾಡಿ, ಆದರೆ ಅಂದೇ ತಲೆಯನ್ನು ಚೆನ್ನಾಗಿ ತೊಳೆಯಿರಿ. ಹಕ್ಕಳೆ ಗಟ್ಟಿಯಾಗಿದ್ದರೆ ಸ್ನಾನಕ್ಕೆ ಅರ್ಧ ಗಂಟೆ ಮೊದಲು ಸ್ವಲ್ಪ ಎಣ್ಣೆ ಸವರಿ ಮೆತ್ತಗೆ ಮಾಡಿಕೊಳ್ಳಬಹುದು. ಬೇರೆ ದಿನ ಬೇಕೆನಿಸಿದರೆ ಕೂದಲಿನ ತುದಿಗೆ ಮಾತ್ರ ಹಚ್ಚಿ. ನೆತ್ತಿಗೆ ಹಾಕಿ ರಾತ್ರಿಯೆಲ್ಲ ಬಿಡಬೇಡಿ.

ತಲೆ ತೊಳೆಯುವ ಕ್ರಮ

ವೈದ್ಯರು ಸಾಮಾನ್ಯವಾಗಿ ಶೇ. 2ರ ಕೀಟೋಕೊನಜೋಲ್ ಶಾಂಪೂ ಬರೆಯುತ್ತಾರೆ. ಕೆಲವರಿಗೆ ಸೆಲೆನಿಯಂ ಸಲ್ಫೈಡ್, ಜಿಂಕ್ ಪೈರಿಥಿಯೋನ್ ಅಥವಾ ಸ್ಯಾಲಿಸಿಲಿಕ್ ಆಮ್ಲ ಇರುವ ಶಾಂಪೂ ಬರೆಯಬಹುದು. ದುಬಾರಿ ಎನಿಸಿದರೆ ಜನೌಷಧಿ ಕೇಂದ್ರದಲ್ಲಿ ಔಷಧಿಯ ಮೂಲ ಹೆಸರು ಹೇಳಿ ವಿಚಾರಿಸಿ. ಬಳಸುವ ಕ್ರಮ ಹೀಗಿದೆ:

1. ಉಗುರುಬೆಚ್ಚಗಿನ ನೀರಿನಲ್ಲಿ ತಲೆ ಪೂರ್ತಿ ನೆನೆಸಿ. ಹಂಡೆಯ ಸುಡು ನೀರು ಬೇಡ.

2. ತಲೆಯಲ್ಲಿ ಎಣ್ಣೆಯಿದ್ದರೆ ಮೊದಲು ಮಾಮೂಲಿ ಶಾಂಪೂವಿನಿಂದ ಒಮ್ಮೆ ತೊಳೆದುಬಿಡಿ.

3. ಔಷಧಿ ಶಾಂಪೂವನ್ನು ಕೂದಲಿಗಲ್ಲ, ಬೈತಲೆ ಬಿಡಿಸಿ ನೆತ್ತಿಗೆ ಹಚ್ಚಿ. ಉಗುರು ತಾಗಿಸದೆ ಬೆರಳ ತುದಿಯಿಂದ ಮೃದುವಾಗಿ ಉಜ್ಜಿ.

4. ಐದು ನಿಮಿಷ ಹಾಗೇ ಬಿಡಿ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಹಚ್ಚಿದ ಕೂಡಲೆ ತೊಳೆದರೆ ಔಷಧಿ ಬಚ್ಚಲಿಗೆ ಹೋಗುತ್ತದೆ. ಮೊದಲು ತಲೆಗೆ ಹಚ್ಚಿಕೊಂಡು, ಆಮೇಲೆ ಮೈಗೆ ಸೋಪು ಹಾಕಿ ತೊಳೆದು ಮುಗಿಸಿದರೆ ಅಷ್ಟು ಹೊತ್ತಾಗಿರುತ್ತದೆ. ಗಡಿಯಾರ ಬೇಕಿಲ್ಲ.

5. ನೊರೆ ಕಣ್ಣಿಗೆ ಹೋಗದಂತೆ ಚೆನ್ನಾಗಿ ತೊಳೆಯಿರಿ. ಕೊಳವೆಬಾವಿಯ ಗಡಸು ನೀರಾದರೆ ತಲೆಗೆ ಸೋಪು ಬೇಡ. ಅದರ ಜಿಗುಟು ನೆತ್ತಿಯಲ್ಲೇ ಉಳಿಯುತ್ತದೆ.

6. ಒದ್ದೆ ಕೂದಲನ್ನು ಗಂಟು ಹಾಕಬೇಡಿ. ಒಣಗಿದ ಮೇಲೆ ಸಡಿಲವಾಗಿ ಜಡೆ ಹಾಕಿ.

ಹೀಗೆ ವಾರಕ್ಕೆ ಎರಡು ಸಲ, ನಾಲ್ಕು ವಾರ. ಹೊಟ್ಟು ನಿಂತಿತೆಂದು ಅಲ್ಲಿಗೇ ಬಿಟ್ಟರೆ ಮತ್ತೆ ಬರುತ್ತದೆ. ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಮುಂದುವರಿಸಿ. ಇದು ಒಮ್ಮೆ ಬಂದು ಒಮ್ಮೆಗೇ ಹೋಗುವ ಕಾಯಿಲೆಯಲ್ಲ. ಬಿ.ಪಿ., ಶುಗರ್ ಹತೋಟಿಯಲ್ಲಿ ಇಟ್ಟುಕೊಳ್ಳುವ ಹಾಗೆ ಇದನ್ನೂ ಹತೋಟಿಯಲ್ಲಿ ಇಟ್ಟುಕೊಳ್ಳಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರಿಗೆ ಮೊದಲೇ ತಿಳಿಸಿ.

"ಸೀಗೆಪುಡಿ ಬಿಡಬೇಕಾ?" ಎಂದು ಅಜ್ಜಿಯರು ಕೇಳುತ್ತಾರೆ. ಬಿಡಬೇಕಿಲ್ಲ. ಉಳಿದ ದಿನ ಬಳಸಿ, ಆದರೆ ನೆನೆಸಿ ಸೋಸಿದ ತಿಳಿಯಲ್ಲಿ ತೊಳೆಯಿರಿ. ತರಿಪುಡಿ ಹಾಕಿ ಉಜ್ಜಿದರೆ ಕೆರಳಿದ ಚರ್ಮ ತರಚುತ್ತದೆ. ನೆತ್ತಿ ಕೆಂಪಾಗಿರುವಾಗ ನಿಂಬೆಹಣ್ಣು, ತಲೆಬಣ್ಣ ಬೇಡವೇ ಬೇಡ.

ಬ್ಯಾರನ್ ಕಾಲದಲ್ಲಿ ಎಚ್ಚರ

ನಮ್ಮ ಸೀಮೆಯ ಹೊಗೆಸೊಪ್ಪಿನ ರೈತರಿಗೆ ಒಂದು ಮಾತು. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಬೆಂಕಿ ಹಾಕಿದ ಮೇಲೆ ಹಗಲು ರಾತ್ರಿ ಉರಿ ಕಾಯಬೇಕು. ನಿದ್ದೆಯಿಲ್ಲ, ಒಲೆಯ ಝಳ, ಬೆವರು, ತಲೆಗೆ ಸುತ್ತಿದ ಅದೇ ಟವೆಲು. ಅದು ಮುಗಿದರೆ ಹರಾಜಿನಲ್ಲಿ ಏನು ರೇಟು ಸಿಗುವುದೋ ಎಂಬ ಚಿಂತೆ. ನಿದ್ದೆಗೇಡು, ದಣಿವು, ಚಿಂತೆ ಈ ತೊಂದರೆಯನ್ನು ಕೆರಳಿಸುತ್ತವೆ. ಅದರ ಹಿಂದೆಯೇ ಚಳಿಗಾಲ ಬರುತ್ತದೆ, ಆಗಲೂ ಹೊಟ್ಟು ಹೆಚ್ಚು. ಬ್ಯಾರನ್ ಕೆಲಸ ಬಿಡಿ ಎಂದರೆ ನೀವು ನಗುತ್ತೀರಿ. ಉರಿ ಕಾಯುವುದನ್ನು ಮನೆಯವರು ಪಾಳಿಯ ಮೇಲೆ ಹಂಚಿಕೊಳ್ಳಿ. ತಲೆಗೆ ಸುತ್ತುವ ಟವೆಲನ್ನು ದಿನಾ ಒಗೆದು ಬಿಸಿಲಿಗೆ ಹಾಕಿ. ಆ ತಿಂಗಳುಗಳಲ್ಲಿ ವಾರದ ಔಷಧಿ ಸ್ನಾನವನ್ನು ತಪ್ಪಿಸಬೇಡಿ.

ಮುಲಾಮಿನ ಮೋಸ

ಮೂಗಿನ ಪಕ್ಕ, ಹುಬ್ಬಿನಲ್ಲಿ ಕೆಂಪಾದಾಗ ಅಂಗಡಿಯಲ್ಲಿ ಕೇಳಿ ತಂದ ಮುಲಾಮು ಎರಡೇ ದಿನಕ್ಕೆ ಗುಣ ಕೊಟ್ಟಂತೆ ಕಾಣುತ್ತದೆ. ಅದರಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಸಾಲ್‌ನಂಥ ಸ್ಟೀರಾಯ್ಡ್ ಇರಬಹುದು. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳುವಾಗಿ, ರಕ್ತನಾಳ ಕಾಣಿಸಿ, ಮೊಡವೆ ಏಳುತ್ತದೆ. ಬಿಟ್ಟರೆ ಉರಿ ಇಮ್ಮಡಿ. ಕೇಂದ್ರ ಸರ್ಕಾರ 2018ರಲ್ಲಿ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ವೈದ್ಯರು ಬರೆದರೆ ಹಚ್ಚಿ, ಅವರು ಹೇಳಿದಷ್ಟು ದಿನ ಮಾತ್ರ.

ಎಳೆಗೂಸಿನ ತಲೆ

ಬಾಣಂತಿಯರ ಮನೆಯವರು ಕೇಳಿಸಿಕೊಳ್ಳಿ. ಹುಟ್ಟಿದ ಮೊದಲ ಕೆಲವು ತಿಂಗಳು ಕೂಸಿನ ನೆತ್ತಿಯಲ್ಲಿ ಹಳದಿ ಹಕ್ಕಳೆ ಕಟ್ಟುವುದುಂಟು. ಮಗುವಿಗೆ ಅದರಿಂದ ನೋವಿಲ್ಲ, ಸಾಮಾನ್ಯವಾಗಿ ವರ್ಷ ತುಂಬುವುದರೊಳಗೆ ತಾನೇ ಹೋಗುತ್ತದೆ. ನೆತ್ತಿ ಕೂಡಲೆಂದು ಹರಳೆಣ್ಣೆ ತಟ್ಟಿ ಬಿಟ್ಟರೆ ಹಕ್ಕಳೆ ಮಂದವಾಗುತ್ತದೆ. ಸ್ವಲ್ಪ ಎಣ್ಣೆ ಸವರಿ, ಮೆತ್ತಗಾದ ಮೇಲೆ ಮಗುವಿನ ಶಾಂಪೂವಿನಲ್ಲಿ ತೊಳೆದು, ಮೆತ್ತನೆ ಬ್ರಷ್ಷಿನಿಂದ ಹಗುರವಾಗಿ ಬಾಚಿ. ಉಗುರಿನಲ್ಲಿ ಕೀಳಬೇಡಿ. ದೊಡ್ಡವರ ಔಷಧಿ ಶಾಂಪೂ ಹಾಕಬೇಡಿ.

ಯಾವಾಗ ವೈದ್ಯರಿಗೆ ತೋರಿಸಬೇಕು?

ನಾಲ್ಕು ವಾರ ಕ್ರಮವಾಗಿ ತೊಳೆದರೂ ಕಡಿಮೆಯಾಗದಿದ್ದರೆ, ಕೀವು, ಜ್ವರ, ಕುತ್ತಿಗೆಯಲ್ಲಿ ಗಂಟು ಬಂದರೆ ತೋರಿಸಿ. ಮಕ್ಕಳ ತಲೆಯಲ್ಲಿ ಒಂದು ಕಡೆ ಕೂದಲು ತುಂಡಾಗಿ ಬೋಳಾಗಿದ್ದರೆ ಅದು ಹುಳುಕಡ್ಡಿ ಇರಬಹುದು. ಅದು ಅಂಟುತ್ತದೆ, ಅದಕ್ಕೆ ಮಾತ್ರೆ ಬೇಕು. ಬೆಳ್ಳಿಯಂಥ ದಪ್ಪ ಪದರ ಮೊಣಕೈ, ಮೊಣಕಾಲಿನಲ್ಲೂ ಇದ್ದರೆ ಸೋರಿಯಾಸಿಸ್ ಇರಬಹುದು. ತೊಂದರೆ ಇದ್ದಕ್ಕಿದ್ದಂತೆ ಬಹಳ ಜೋರಾಗಿ ಬಂದರೆ ರೋಗನಿರೋಧಕ ಶಕ್ತಿ ಕುಗ್ಗಿದೆಯೇ ಎಂದು ನೋಡಲು ವೈದ್ಯರು ಎಚ್.ಐ.ವಿ. ಸೇರಿದಂತೆ ರಕ್ತಪರೀಕ್ಷೆ ಬರೆಯಬಹುದು. ಸಂಕೋಚಪಡದೆ ಮಾಡಿಸಿ.

ಕೂದಲು ಉದುರುತ್ತದೆಂದು ಹೆದರಬೇಡಿ. ಕೆರೆತ ನಿಂತು ನೆತ್ತಿ ತಣ್ಣಗಾದರೆ ಹೊಟ್ಟಿನಿಂದ ಉದುರಿದ ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ. ಮುಡಿ ಕೊಡುವುದು ನಿಮ್ಮ ಹರಕೆ, ಅದಕ್ಕೆ ಅಡ್ಡಿಯಿಲ್ಲ. ಆದರೆ ತಲೆ ಬೋಳಿಸಿದ ಮಾತ್ರಕ್ಕೆ ಹೊಟ್ಟು ಹೋಗುವುದಿಲ್ಲ.

ಕೋಟೆಯ ಆ ಹುಡುಗಿ ಒಂದು ತಿಂಗಳ ನಂತರ ತಾಯಿಯೊಡನೆ ಮತ್ತೆ ಬಂದಿದ್ದಳು. ನೆತ್ತಿ ತಿಳಿಯಾಗಿತ್ತು. "ಹಾಸ್ಟೆಲ್ ಹುಡುಗೀರ್ಗೆಲ್ಲಾ ನಾನೇ ಹೇಳ್ಕೊಟ್ಟೆ ಸಿಸ್ಟರ್, ಐದು ನಿಮಿಷ ಬಿಡ್ಬೇಕು ಅಂತ" ಎಂದಳು. ನೀವೂ ಊರಿಗೆ ಹೋಗಿ ಪಕ್ಕದ ಮನೆಯವರಿಗೆ ಇಷ್ಟನ್ನು ಹೇಳಿ. ಸಂಶಯವಿದ್ದರೆ ಔಷಧಿ ಹಚ್ಚುವ ಮೊದಲು ನಮ್ಮನ್ನು ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ.