ಕಂಪ್ಯೂಟರಿನ ತಂತಿಯೂ ಕೊಳಗದ ಪ್ರಶ್ನೆಯೂ

(ಅರಳಸುರಳಿಯಲ್ಲಿ ಮಿಲ್ಲಿನ ಕೆಲಸಗಾರರು ಮತ್ತು ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯ ವಿಷಯವನ್ನು ಕೇಳಿ ಹಿರಿಯ ವರ್ತಕರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. “ಕಂಪ್ಯೂಟರು ಬೆಂಗಳೂರಿನವರ ಸಂಗತಿ. ಗೇಣಿ, ಕೂಲಿ, ದರ ಇವುಗಳ ಮಾತು ಬಿಟ್ಟು ಇದೆಲ್ಲ ಯಾಕೆ ಮಾರಾಯ್ರೇ?” ಎಂದರು. ಅವರು ಹೀಗೆ ಕೇಳುತ್ತಿದ್ದಾಗ ಅವರ ಅಂಗಡಿಯ ಕಂಬದ ಮೇಲೆ, ಮೊಬೈಲಿನಿಂದ ಹಣ ಪಡೆಯುವ ಆ ಕಪ್ಪು ಚುಕ್ಕೆಗಳ ಚೌಕವು ಅಂಟಿಕೊಂಡೇ ಇತ್ತು. ನಾವು ಅದನ್ನು ತೋರಿಸಿದೆವು. ಅವರು ನಕ್ಕು, ಸಭೆಗೆ ಬರುತ್ತೇನೆಂದರು. ಬಂದಿದ್ದಾರೆ.

ಅವರ ಅಂಗಡಿಯಲ್ಲಿ 20 ರೂಪಾಯಿಯ ಬೆಲ್ಲ ಕೊಂಡವನು ಆ ಚೌಕಕ್ಕೆ ಮೊಬೈಲು ಹಿಡಿದಾಗ ಆಗುವುದಾದರೂ ಏನು? ಮಾತು ಗಾಳಿಯಲ್ಲಿ ಹೊರಟು ಗುಡ್ಡದ ಮೇಲಿನ ಟವರಿಗೆ ಹೋಗುತ್ತದೆ. ಅಲ್ಲಿಂದ ನೆಲದೊಳಗಿನ ಗಾಜಿನ ಎಳೆಯೊಳಗೆ ಬೆಳಕಾಗಿ ಓಡುತ್ತದೆ. 2008ರಲ್ಲಿ ಹುಟ್ಟಿದ ರಾಷ್ಟ್ರೀಯ ಪಾವತಿ ನಿಗಮದ ಕಂಪ್ಯೂಟರನ್ನು ಮುಟ್ಟುತ್ತದೆ. ಆ ಕಂಪ್ಯೂಟರು ಕೊಳ್ಳುವವನ ಬ್ಯಾಂಕಿನಲ್ಲಿ ಹಣವಿದೆಯೇ ಎಂದು ವಿಚಾರಿಸಿ, ಮಾರುವವರ ಬ್ಯಾಂಕಿಗೆ ಜಮಾ ಮಾಡಲು ಹೇಳಿ, ಉತ್ತರವನ್ನು ಅದೇ ದಾರಿಯಲ್ಲಿ ಅರಳಸುರಳಿಗೆ ಕಳಿಸುತ್ತದೆ. ಈ ಯು.ಪಿ.ಐ. ವ್ಯವಸ್ಥೆ ಬಂದದ್ದು 2016ರಲ್ಲಿ. ಬೆಲ್ಲ ಕಟ್ಟಿಕೊಡುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಟವರಿನ ಬ್ಯಾಟರಿ ಸತ್ತಿದ್ದರೆ ಮಾತ್ರ ಬೆಲ್ಲವು ಉದ್ರಿ ಪುಸ್ತಕಕ್ಕೆ ಹೋಗುತ್ತದೆ.

ವ್ಯಾಪಾರಕ್ಕೆ ತಂತಿಯ ನಂಟು ಹೊಸದಲ್ಲ. ಪರಸ್ಥಳದ ದರ ತಿಳಿಯಲು ವರ್ತಕರು ಟೆಲಿಗ್ರಾಂ ಕಾಯುತ್ತಿದ್ದ ಕಾಲವಿತ್ತು. ಆ ತಂತಿ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು. ಟೆಲಿಗ್ರಾಂ ಬಂದರೆ ಒಬ್ಬ ಮನುಷ್ಯ ಓದಿ, ಇನ್ನೊಬ್ಬ ಮನುಷ್ಯ ಲೆಕ್ಕ ಬರೆಯುತ್ತಿದ್ದ. ಈಗ ಒಂದು ಯಂತ್ರ ಹೇಳುತ್ತದೆ, ಇನ್ನೊಂದು ಯಂತ್ರ ಬರೆದುಕೊಳ್ಳುತ್ತದೆ. ದೊಡ್ಡ ಪತ್ರವನ್ನು ಹತ್ತು ಕಾರ್ಡುಗಳಲ್ಲಿ ಬರೆದು, ಪ್ರತಿಯೊಂದಕ್ಕೂ ವಿಳಾಸ ಮತ್ತು ಕ್ರಮಸಂಖ್ಯೆ ಹಾಕಿ ಅಂಚೆಗೆ ಹಾಕಿದಿರಿ ಎಂದಿಟ್ಟುಕೊಳ್ಳಿ. ಕಾರ್ಡುಗಳು ಬೇರೆ ಬೇರೆ ದಾರಿಯಲ್ಲಿ ಹೋದರೂ ಮುಟ್ಟಿದವನು ಸಂಖ್ಯೆ ನೋಡಿ ಜೋಡಿಸಿಕೊಳ್ಳುತ್ತಾನೆ. ನಾಲ್ಕನೆಯದು ಬಾರದಿದ್ದರೆ ಮತ್ತೆ ಕಳಿಸು ಎನ್ನುತ್ತಾನೆ. ಕಂಪ್ಯೂಟರುಗಳ ಜಾಲ ಇಷ್ಟೇ. ನೆಲದ ತಂತಿ ಇಲ್ಲದ ಕಡೆ ಬ್ಯಾಂಕಿನ ಶಾಖೆಗಳು ಮಾಡಿನ ಮೇಲೆ ತಟ್ಟೆ ಇಟ್ಟುಕೊಂಡು ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹದ ಮೂಲಕ ಮಾತಾಡುವುದೂ ಉಂಟು. ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಸಾಕು.

ಅಡಿಕೆಯ ಮಾತಿಗೆ ಬರೋಣ. ಮೊದಲು ಮಂಡಿಯಲ್ಲಿ ಚೀಟಿ ಬರೆದು ಟೆಂಡರು ಹಾಕುತ್ತಿದ್ದರು. ಯಾರ ಚೀಟಿಯನ್ನು ಯಾರು ಮೊದಲೇ ನೋಡಿದರು ಎಂಬ ಗುಮಾನಿ ತಪ್ಪುತ್ತಿರಲಿಲ್ಲ. 2014ರಲ್ಲಿ ಕರ್ನಾಟಕ ಸರ್ಕಾರವೂ ಎನ್.ಸಿ.ಡಿ.ಇ.ಎಕ್ಸ್.ನ ಸಂಸ್ಥೆಯೂ ಸಮಪಾಲಿನಲ್ಲಿ ಸೇರಿ ಒಂದು ಕಂಪನಿ ಕಟ್ಟಿ, ರಾಜ್ಯದ ಎ.ಪಿ.ಎಂ.ಸಿ.ಗಳನ್ನು ಒಂದೇ ಕಂಪ್ಯೂಟರು ವೇದಿಕೆಗೆ ಸೇರಿಸುತ್ತ ಬಂದವು. ಮಾಲು ಬಂದಾಗಲೇ ಲಾಟಿಗೆ ನಂಬರು ಬೀಳುತ್ತದೆ. ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ, ವರ್ತಕ ನೋಡಿ ತನ್ನ ದರವನ್ನು ಕಂಪ್ಯೂಟರಿನಲ್ಲಿ ಹಾಕುತ್ತಾನೆ. ವೇಳೆ ಮುಗಿದ ಮೇಲೆ ಹೆಚ್ಚಿನ ದರ ಯಾರದೆಂದು ಯಂತ್ರ ಹೇಳುತ್ತದೆ. ದರ ಒಪ್ಪದಿದ್ದರೆ ಬೆಳೆಗಾರ ಬೇಡವೆನ್ನಬಹುದು. ಇದು ಒಳ್ಳೆಯದೆಂದೇ ನಮ್ಮ ಅಭಿಪ್ರಾಯ. ಯಂತ್ರವನ್ನು ಕಂಡರೆ ಕಲ್ಲೆಸೆಯುವುದು ಸಮಾಜವಾದವಲ್ಲ.

ಆದರೆ ವೇಳೆ ಮುಗಿಯುವುದು ಎಲ್ಲರಿಗೂ ಒಂದೇ ಗಳಿಗೆಯಲ್ಲಿ. ಪೇಟೆಯ ದೊಡ್ಡ ಖರೀದಿದಾರನ ಅಂಗಡಿಗೆ ಎರಡು ಕಂಪನಿಗಳ ಎರಡು ತಂತಿ, ಮೇಲೊಂದು ಜನರೇಟರು. ಹಳ್ಳಿಯ ಸಣ್ಣ ವರ್ತಕನಿಗೆ ಒಂದು ಮೊಬೈಲು. ಆರಿದ್ರೆ ಮಳೆ ಹಿಡಿದು ಮೂರು ದಿನ ಕರೆಂಟಿಲ್ಲದಾಗ ಅವನ ದರ ಹೋಗುವುದೇ ಇಲ್ಲ. ಹಾಗೆ ಲಾಟು ತಪ್ಪಿದವರು ಈ ಸಭೆಯಲ್ಲೇ ಕೂತಿದ್ದಾರೆ. ಇದರಿಂದ ಬೆಳೆಗಾರನಿಗೂ ನಷ್ಟ, ಏಕೆಂದರೆ ದರ ಹಾಕುವವರು ಕಡಿಮೆಯಾದಷ್ಟೂ ದರ ಇಳಿಯುತ್ತದೆ.

1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದದ್ದು ಯಾವುದರ ಮೇಲೆ? ಗೇಣಿ ಅಳೆಯುವ ಕೊಳಗದ ಮೇಲೆ. ಭತ್ತ ಬೆಳೆದವನದು, ಕೊಳಗ ಒಡೆಯನದು, ಅದೂ ದೊಡ್ಡ ಕೊಳಗ. ಲೋಹಿಯಾರವರು ಸಾಗರಕ್ಕೆ ಬಂದು ಬಂಧನಕ್ಕೊಳಗಾದದ್ದು ಆ ಹೋರಾಟದಲ್ಲಿ. ಮರುವರ್ಷ ಶಾಂತವೇರಿ ಗೋಪಾಲಗೌಡರು ಶಾಸನಸಭೆಗೆ ಹೋದದ್ದು ಅದರ ಬಲದ ಮೇಲೆ. ಇಂದು ಅಳೆಯುವ ಪಾತ್ರೆ ಕಣ್ಣಿಗೆ ಕಾಣದು. ಅದು ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಇದೆ.

ಲಾರಿಯ ವಿಷಯವನ್ನೇ ನೋಡಿ. 50,000 ರೂಪಾಯಿಗೆ ಮೀರಿದ ಮಾಲು ಹೊರಟರೆ ಇ-ವೇ ಬಿಲ್ಲು ಬೇಕು. ಇದನ್ನು ಎಲ್ಲ ರಾಜ್ಯಗಳಿಗಿಂತ ಮೊದಲು, 2017ರ ಸೆಪ್ಟೆಂಬರಿನಲ್ಲಿ ಜಾರಿಗೆ ತಂದದ್ದು ನಮ್ಮ ಕರ್ನಾಟಕ. ದೊಡ್ಡ ಕಂಪನಿಯಲ್ಲಿ ಅದರ ಕಂಪ್ಯೂಟರೇ ಸರ್ಕಾರದ ಕಂಪ್ಯೂಟರಿನೊಡನೆ ನೇರವಾಗಿ ಮಾತಾಡಿ ಸಾವಿರ ಬಿಲ್ಲು ಹುಟ್ಟಿಸುತ್ತದೆ. ಆ ಜೋಡಣೆ ಮಾಡಿಕೊಡಲೆಂದೇ ಪರವಾನಗಿ ಪಡೆದ ಮಧ್ಯವರ್ತಿ ಸಂಸ್ಥೆಗಳಿವೆ. ನಮ್ಮವನು ಒಂದೊಂದೇ ಅಕ್ಷರ ಒತ್ತಬೇಕು, ಇಲ್ಲವೇ ಲೆಕ್ಕಿಗನಿಗೆ ದುಡ್ಡು ಕೊಡಬೇಕು. ಲಾರಿ ಹುಲಿಕಲ್ ಘಾಟಿಯಲ್ಲಿ ಕೆಟ್ಟು ನಿಂತಿತೆನ್ನಿ. ಮಾಲನ್ನು ಬೇರೆ ಲಾರಿಗೆ ಹೇರಿದರೆ ಹೊಸ ಲಾರಿಯ ನಂಬರನ್ನು ಬಿಲ್ಲಿಗೆ ಸೇರಿಸದೆ ಮುಂದೆ ಹೋಗುವಂತಿಲ್ಲ. ಸಿಗ್ನಲ್ ಸಿಗದ ತಿರುವಿನಲ್ಲಿ ಚಾಲಕ ಏನು ಮಾಡಬೇಕು? 200 ಕಿ.ಮೀ.ಗೆ ಒಂದು ದಿನವೆಂಬ ಗಡುವಂತೂ ಓಡುತ್ತಲೇ ಇರುತ್ತದೆ.

ಮಿಲ್ಲಿನ ಮಿತ್ರರು, ಇದು ವರ್ತಕರ ಗೋಳೆಂದು ಆಕಳಿಸಬೇಡಿ. 20 ಮಂದಿಗಿಂತ ಕಡಿಮೆಯಿಲ್ಲದ ಮಿಲ್ಲಿನಲ್ಲಿ ನಿಮ್ಮ ಸಂಬಳದಿಂದ ಭವಿಷ್ಯನಿಧಿಗೆಂದು ನೂರಕ್ಕೆ 12 ಮುರಿಯುತ್ತಾರೆ; ಮಾಲೀಕನೂ ಅಷ್ಟೇ ಹಾಕಬೇಕು. ಪ್ರತಿ ತಿಂಗಳೂ ಮಿಲ್ಲಿನ ಕಂಪ್ಯೂಟರಿನಿಂದ ನಿಧಿಯ ಕಚೇರಿಯ ಕಂಪ್ಯೂಟರಿಗೆ ಕೆಲಸಗಾರರ ಪಟ್ಟಿ ಹೋಗಬೇಕು. ಹೋಯಿತೇ ಇಲ್ಲವೇ ಎಂದು ಹಿಂದೆ ಗುಮಾಸ್ತೆಯ ಬಾಯಿಯನ್ನೇ ನಂಬಬೇಕಾಗಿತ್ತು. 2014ರಿಂದ ಪ್ರತಿಯೊಬ್ಬರಿಗೂ ಯು.ಎ.ಎನ್. ಎಂಬ ಒಂದೇ ಸಂಖ್ಯೆ ಬಂದಿದೆ. ಮಿಲ್ಲು ಬದಲಾದರೂ ಅದು ಬದಲಾಗದು. ಆ ಸಂಖ್ಯೆಯಿಂದ ನಿಮ್ಮ ಪುಸ್ತಕವನ್ನು ನೀವೇ ಮೊಬೈಲಿನಲ್ಲಿ ನೋಡಬಹುದು. ಒಂದು ಮಿಲ್ಲಿನಲ್ಲಿ, ಹೆಸರು ಬೇಡ, ಸಂಬಳದಲ್ಲಿ ಮುರಿದ ಹಣ ಐದು ತಿಂಗಳಾದರೂ ಜಮೆಯಾಗದಿದ್ದುದು ಹೀಗೆಯೇ ಬಯಲಾಯಿತು. ಅದೇ ತಂತಿ ಇಲ್ಲಿ ನಿಮ್ಮ ಪಕ್ಷದಲ್ಲಿ ಸಾಕ್ಷಿ ನುಡಿಯಿತು.

ಆದುದರಿಂದ ನಮ್ಮ ಬೇಡಿಕೆ ಜಾಲ ಬೇಡವೆಂಬುದಲ್ಲ. ಗ್ರಾಮ ಪಂಚಾಯಿತಿಗಳಿಗೆಲ್ಲ ಗಾಜಿನ ತಂತಿ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಭಾರತ್‌ನೆಟ್ ಎಂಬ ಹೆಸರು ಆಮೇಲಿನದು. ಪಂಚಾಯಿತಿಗೆ ಬಂದ ತಂತಿ ಕಾರ್ಯದರ್ಶಿಯ ಮೇಜಿನ ಹಿಂದೆ ಮಲಗಿರಬಾರದು. ಅದರ ಒಂದು ಕವಲು ವರ್ತಕರಿಗೂ ಕೆಲಸಗಾರರಿಗೂ ತೆರೆದಿರಬೇಕು. ರಸ್ತೆ ಅಗೆಯುವ ಜೆ.ಸಿ.ಬಿ. ಒಂದು ಕಡೆ ತಂತಿ ಕತ್ತರಿಸಿದರೆ ಊರಿಗೂರೇ ಮೂಕವಾಗುವುದು ಒಂದೇ ದಾರಿ ಇರುವುದರಿಂದ. ಬಳೆಯ ಹಾಗೆ ಸುತ್ತಿ ತಂದರೆ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಮಾತು ಬರುತ್ತದೆ. ಇದಕ್ಕೆ ಖರ್ಚಿದೆ, ಲಾಭ ನೋಡುವ ಕಂಪನಿ ನಮ್ಮ ಗುಡ್ಡಕ್ಕೆ ಇದನ್ನು ಮಾಡದು. ಸರ್ಕಾರದ ಸ್ವಾಮ್ಯದ ಬಿ.ಎಸ್.ಎನ್.ಎಲ್. ಉಳಿಯಬೇಕೆಂದು ನಾವು ಹಟ ಹಿಡಿದಿರುವುದು ಇದೇ ಕಾರಣಕ್ಕೆ. ತಂತಿ ಸತ್ತ ದಿನ ಟೆಂಡರಿನ ವೇಳೆಯನ್ನು ಮುಂದೂಡಲೇಬೇಕೆಂದು ಎ.ಪಿ.ಎಂ.ಸಿ. ಬರೆದುಕೊಡಲಿ.

ಮನವಿಯ ಪ್ರತಿ ಹಿಂದಿನ ಬೆಂಚಿನ ಮೇಲಿದೆ. ಓದಿ, ಒಪ್ಪಿದರೆ ರುಜು ಹಾಕಿ. ಬರುವ ಸೋಮವಾರ ತೀರ್ಥಹಳ್ಳಿಯ ತಾಲ್ಲೂಕು ಕಚೇರಿಗೆ ಒಯ್ಯುತ್ತೇವೆ. ಯು.ಎ.ಎನ್. ಸಂಖ್ಯೆ ಗೊತ್ತಿಲ್ಲದ ಮಿಲ್ಲಿನವರು ಸಂಬಳದ ಚೀಟಿ ಹಿಡಿದು ಸಭೆ ಮುಗಿದ ಮೇಲೆ ಕೂತಿರಿ, ಒಬ್ಬೊಬ್ಬರದನ್ನೇ ನೋಡೋಣ.