ಚಿರತೆ ಎಷ್ಟು ದೊಡ್ಡದು, ನಾವೆಷ್ಟು ದೊಡ್ಡವರು?



ನೆಲಮಂಗಲ, ದೊಡ್ಡಬಳ್ಳಾಪುರದ ಕಡೆ ಬೆಟ್ಟದ ಬುಡದ ಹಳ್ಳಿಗಳಲ್ಲಿ ಚಿರತೆಯ ಸುದ್ದಿ ಆಗಾಗ ಏಳುತ್ತಲೇ ಇರುತ್ತದೆ. ಸುದ್ದಿ ಬಾಯಿಂದ ಬಾಯಿಗೆ ಹೋದ ಹಾಗೆಲ್ಲ ಪ್ರಾಣಿಯೂ ಬೆಳೆಯುತ್ತದೆ. ಸಂಜೆ ಕಂಡವನು “ನಾಯಿಗಿಂತ ಕೊಂಚ ದೊಡ್ಡದು” ಅಂದಿದ್ದರೆ, ಬೆಳಗಾಗುವ ಹೊತ್ತಿಗೆ ಅರಳೀಕಟ್ಟೆಯ ಮೇಲೆ ಅದು ಹೋರಿಯಷ್ಟಾಗಿರುತ್ತದೆ. ಮಾರನೆಯ ದಿನ ಹುಲಿಯೇ ಆಗಿಬಿಡುತ್ತದೆ. ಆದ್ದರಿಂದ ಈ ಹೊತ್ತು ಈ ಪ್ರಾಣಿಯನ್ನು ತಕ್ಕಡಿಗೆ ಹಾಕಿ ನೋಡೋಣ.

ಬಂಡೀಪುರ, ನಾಗರಹೊಳೆಗಳ ಗಂಡು ಹುಲಿ ಸುಮಾರು ೨೦೦ ಕಿಲೋ ತೂಗುತ್ತದೆ. ಅಂದರೆ ಮೂರು ನಾಲ್ಕು ಆಳಿನ ಭಾರ. ನಮ್ಮ ಕುರುಚಲು ಗುಡ್ಡಗಳಲ್ಲಿರುವ ಚಿರತೆಯ ಲೆಕ್ಕವೇ ಬೇರೆ. ಗಂಡು ಚಿರತೆ ೫೦ರಿಂದ ೭೦ ಕಿಲೋ, ಹೆಣ್ಣಾದರೆ ೩೦ರಿಂದ ೪೦ ಕಿಲೋ. ಒಂದು ಯೂರಿಯ ಮೂಟೆ ೪೫ ಕಿಲೋ ಇರುತ್ತದೆ. ಹೆಣ್ಣು ಚಿರತೆ ಅದಕ್ಕಿಂತಲೂ ಹಗುರ! ಭುಜದ ಎತ್ತರ ಎರಡು ಅಡಿಯ ಮೇಲೆ ಸ್ವಲ್ಪ. ನಿಂತ ಮನುಷ್ಯನ ತೊಡೆಯ ಮಟ್ಟ. ಹಿಮಾಲಯದ ರುದ್ರಪ್ರಯಾಗದ ಸೀಮೆಯಲ್ಲಿ ೧೨೫ ಜನರನ್ನು ಕೊಂದು, ೧೯೨೬ರ ಮೇ ತಿಂಗಳಲ್ಲಿ ಜಿಮ್ ಕಾರ್ಬೆಟ್ ಎಂಬ ಬೇಟೆಗಾರನ ಗುಂಡಿಗೆ ಬಿದ್ದ ಚಿರತೆ, ಮೂಗಿನಿಂದ ಬಾಲದ ತುದಿಯವರೆಗೆ ಏಳೂವರೆ ಅಡಿ ಇತ್ತು. ಬಾಲವನ್ನು ಬಿಟ್ಟರೆ ಉಳಿಯುವ ಮೈ ಒಬ್ಬ ಆಳುದ್ದಕ್ಕೂ ಕಡಿಮೆ.

ಹಾಗಾದರೆ ಇಷ್ಟಕ್ಕೇಕೆ ಹೆದರಬೇಕು ಅಂತೀರಾ? ಕೇಳಿ. ಚಿರತೆ ಎದುರು ನಿಂತು ಕುಸ್ತಿ ಹಿಡಿಯುವ ಪ್ರಾಣಿಯಲ್ಲ. ಬೇಲಿಮರೆಯಲ್ಲಿ ಹೊಟ್ಟೆಯನ್ನು ನೆಲಕ್ಕೊತ್ತಿ ಹೊಂಚುಹಾಕಿ, ಹತ್ತು ಹೆಜ್ಜೆ ದೂರಕ್ಕೆ ಬಂದ ಮೇಲೆ ಹಾರಿ ಕುತ್ತಿಗೆ ಹಿಡಿಯುತ್ತದೆ. ತನ್ನಷ್ಟೇ ಭಾರದ ಬೇಟೆಯನ್ನು ಕಚ್ಚಿಕೊಂಡು ಮರ ಹತ್ತುವ ಬಲ ಅದರ ಕತ್ತಿಗಿದೆ. ಆದರೂ ತನಗೆ ಪೆಟ್ಟಾಗದಂಥ ಬೇಟೆಯನ್ನೇ ಅದು ಆರಿಸುತ್ತದೆ: ನಾಯಿ, ಮೇಕೆ, ಕುರಿ, ಎಳೆಗರು. ಐದೂವರೆ ಅಡಿ ನೆಟ್ಟಗೆ ನಿಂತ ಮನುಷ್ಯ ಅದರ ಕಣ್ಣಿಗೆ ಇವುಗಳ ಸಾಲಿಗೆ ಸೇರಿದವನಲ್ಲ. ಎರಡು ಕಾಲಿನ ಮೇಲೆ ನಡೆಯುವ ಈ ಎತ್ತರದ ಪ್ರಾಣಿಯನ್ನು ಕಂಡರೆ ಅದು ಸಾಮಾನ್ಯವಾಗಿ ದಾರಿ ಬಿಟ್ಟು ಸರಿಯುತ್ತದೆ.

ಅದೇ ಮನುಷ್ಯ ಬಗ್ಗಿದರೆ? ಕುಕ್ಕುರುಗಾಲಿನಲ್ಲಿ ಕೂತರೆ? ಆಗ ಅವನ ಎತ್ತರ ಎರಡೂವರೆ ಮೂರು ಅಡಿಗೆ ಇಳಿಯಿತು. ಬೆನ್ನು ಅಡ್ಡಲಾಯಿತು, ಮುಖ ನೆಲಕ್ಕಾಯಿತು. ಹಿಂದಿನಿಂದ ನೋಡುವ ಚಿರತೆಗೆ ಮೇಯುವ ಕರುವಿಗೂ ಅವನಿಗೂ ವ್ಯತ್ಯಾಸ ಕಾಣದು. ಮೂರು ವರ್ಷದ ಕೂಸಂತೂ ನಿಂತರೂ ಮೂರಡಿ, ತೂಕ ೧೨–೧೪ ಕಿಲೋ, ಒಂದು ಮೇಕೆಮರಿಯಷ್ಟೇ. ಈ ಒಂದು ಮಾತನ್ನು ಮನೆಮಂದಿಯೆಲ್ಲ ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು.

೨೦೨೪ರ ನವೆಂಬರಿನಲ್ಲಿ ನೆಲಮಂಗಲ ತಾಲ್ಲೂಕಿನಲ್ಲಿ ದನಕ್ಕೆ ಹುಲ್ಲು ತರಲು ಹೋದ ಹೆಣ್ಣುಮಗಳೊಬ್ಬಳು ಚಿರತೆಯ ಬಾಯಿಗೆ ಸಿಕ್ಕಿ ತೀರಿಕೊಂಡಳು. ಹುಲ್ಲು ಕೊಯ್ಯುವವರು ಬಗ್ಗಲೇಬೇಕಲ್ಲವೆ? ೨೦೨೦ರ ಮೇ ತಿಂಗಳ ಸೆಕೆಯಲ್ಲಿ ಪಕ್ಕದ ಮಾಗಡಿ ತಾಲ್ಲೂಕಿನಲ್ಲಿ ರಾತ್ರಿ ಮಲಗಿದ್ದ ಮೂರು ವರ್ಷದ ಮಗುವನ್ನೇ ಹೊತ್ತೊಯ್ದಿತ್ತು.

ಹುಲ್ಲು ಕೊಯ್ಯಬೇಡಿ ಎಂದು ನಾನು ಹೇಳಲಾರೆ. ಹಾಲಿನ ಡೈರಿಗೆ ಹಾಲು ಹಾಕುವ ಮನೆಯಲ್ಲಿ ಹುಲ್ಲಿಲ್ಲದೆ ನಡೆಯದು. ಆದರೆ ಬಿಸಿಲೇರಿದ ಮೇಲೆ ಹೋಗಿ, ಹೊತ್ತು ಮುಳುಗುವ ಮುನ್ನ ಮನೆ ಸೇರಿ. ಇಬ್ಬರು ಮೂವರು ಕೂಡಿ ಹೋಗಿ, ಒಬ್ಬರು ಕೊಯ್ಯುವಾಗ ಇನ್ನೊಬ್ಬರು ನಿಂತಿರಲಿ. ಮಾತು ಜೋರಾಗಿಯೇ ನಡೆಯಲಿ. ಅತ್ತೆ ಸೊಸೆಯರ ಜಗಳವಾದರೂ ಚಿಂತೆಯಿಲ್ಲ. ಕಕ್ಕಸು ಕಟ್ಟಿಸಿ ಅದರೊಳಗೆ ಸೌದೆ ತುಂಬಿ, ತಾವು ಕತ್ತಲಲ್ಲಿ ತಂಬಿಗೆ ಹಿಡಿದು ಬಯಲಿಗೆ ಹೋಗುವ ಮಹನೀಯರು ಈಗಲೂ ಉಂಟು. ಅವರು ದಯವಿಟ್ಟು ಸೌದೆಯನ್ನು ಹೊರಕ್ಕೆ ಹಾಕಲಿ. ಮಕ್ಕಳನ್ನು ಜಗಲಿಯ ಮೇಲೆ ಮಲಗಿಸಕೂಡದು.

ಕೊಟ್ಟಿಗೆಯ ವಿಷಯ. ಎಂಟು ಅಡಿ ಗೋಡೆ ಎಬ್ಬಿಸಿದ್ದೇನೆ ಎಂದು ಸಮಾಧಾನಪಡುವವರಿದ್ದಾರೆ. ಚಿರತೆಗೆ ಅದೊಂದು ನೆಗೆತ. ಕರು, ಮೇಕೆ ಕಟ್ಟುವ ಜಾಗಕ್ಕೆ ಗೋಡೆಗಿಂತ ಮೇಲುಮುಚ್ಚಿಗೆ ಮುಖ್ಯ, ಭದ್ರವಾದ ಬಾಗಿಲು ಮುಖ್ಯ. ಕೋಳಿಗೂಡಿನ ತೆಳು ಜಾಲರಿ ಪಂಜಕ್ಕೆ ತಡೆಯದು. ಸತ್ತ ಕೋಳಿ, ಕುರಿಯ ಕರುಳು ಮುಂತಾದುವನ್ನು ಊರಂಚಿಗೆ ಎಸೆದರೆ ಬೀದಿನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ. ಗುಂಡಿ ತೋಡಿ ಹೂಳಿಬಿಡಿ.

ಎದುರಾದರೆ ಓಡಬೇಡಿ, ಕೂರಬೇಡಿ. ನೆಟ್ಟಗೆ ನಿಂತು, ಟವಲನ್ನೋ ಸೆರಗನ್ನೋ ಮೇಲೆತ್ತಿ ಇನ್ನೂ ದೊಡ್ಡವರಾಗಿ ಕಾಣಿಸಿ, ಕೂಗುತ್ತ ಹಿಂದಕ್ಕೆ ಸರಿಯಿರಿ. ಮಗುವಿದ್ದರೆ ಬಗ್ಗದೆ ಎತ್ತಿಕೊಳ್ಳುವುದು ಕಷ್ಟ. ಅದಕ್ಕೇ ಕಾಡಂಚಿನ ದಾರಿಯಲ್ಲಿ ಮಗು ಮೊದಲೇ ಹೆಗಲ ಮೇಲಿರಲಿ. ಊರೊಳಗೆ ಸಿಕ್ಕಿಕೊಂಡ ಚಿರತೆಯನ್ನು ದೊಣ್ಣೆ ಹಿಡಿದು ಸುತ್ತುವರಿಯುವುದಂತೂ ಬೇಡವೇ ಬೇಡ. ೨೦೧೬ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ನುಗ್ಗಿದ ಚಿರತೆ, ಹಿಡಿಯಲು ಹೋದ ತಿಳಿದವರನ್ನೇ ಗಾಯಗೊಳಿಸಿತು.

ಹೊಲದ ಹಸಿ ಮಣ್ಣಿನಲ್ಲಿ ಹೆಜ್ಜೆ ಕಂಡರೆ ನಾಯಿಯದೋ ಚಿರತೆಯದೋ ನೀವೇ ಹೇಳಬಹುದು. ನಾಯಿಯ ಹೆಜ್ಜೆಯ ಮುಂದೆ ಉಗುರಿನ ಚುಕ್ಕೆಗಳಿರುತ್ತವೆ. ಚಿರತೆ ನಡೆಯುವಾಗ ಉಗುರನ್ನು ಒಳಕ್ಕೆಳೆದುಕೊಳ್ಳುವುದರಿಂದ ಚುಕ್ಕೆ ಬೀಳುವುದಿಲ್ಲ. ಹೆಜ್ಜೆ ದುಂಡಗೆ, ನಿಮ್ಮ ನಾಲ್ಕು ಬೆರಳಗಲ. ಕಂಡ ಕೂಡಲೆ ಅರಣ್ಯ ಇಲಾಖೆಯ ಸಹಾಯವಾಣಿ ೧೯೨೬ಕ್ಕೆ ಫೋನು ಮಾಡಿ, ಅವರು ಬರುವ ತನಕ ಜನ ತುಳಿಯದ ಹಾಗೆ ಹೆಜ್ಜೆಯ ಮೇಲೊಂದು ಮಂಕರಿ ಕವುಚಿಡಿ.